ವಿಲ್ಫ್ ಹ್ಯಾಸ್ಲಮ್‌ರ ಕುರ್ಚಿಯಲ್ಲಿ

ಫೆಬ್ರವರಿ 3, 1979, ಶನಿವಾರ

ಕ್ರಿಸ್‌ಮಸ್‌ಗೆ ಮಗಳು ಕೊಟ್ಟ ಈ ಡೈರಿಯಲ್ಲಿ ಜನವರಿ ಪೂರ್ತಿ ಖಾಲಿ. ಬರೆಯುವಂಥದ್ದು ಏನಿತ್ತು? ಹಿಮ ಬಿತ್ತು, ಫುಟ್‌ಬಾಲ್ ಪಂದ್ಯ ರದ್ದಾಯಿತು, ಮತ್ತೆ ಹಿಮ ಬಿತ್ತು. ಇವತ್ತಿನದನ್ನು ಮಾತ್ರ ಬರೆಯದೆ ಇರಲಾರೆ. ಹೆಂಡತಿ ಡೊರೀನ್‌ಗೆ ಹೇಳಿದೆ, ಅವಳು ನಕ್ಕುಬಿಟ್ಟಳು. ನಾನು ಹೇಳಿದ ರೀತಿಯೇ ಹಾಗಿತ್ತೋ ಏನೋ.

ಹಾಫ್‌ಟೈಮ್‌ಗೆ ನಾವು ಎರಡು ಗೋಲು ಹಿಂದಿದ್ದೆವು. ಎಲ್ಲರೂ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತು, ಬಾಸ್ ಬಂದು ಯಾವ ಮಗ್ ಎತ್ತಿ ಗೋಡೆಗೆ ಬಡಿಯುತ್ತಾರೋ ಎಂದು ಕಾಯುತ್ತಿದ್ದೆವು. ನಮ್ಮ ಮ್ಯಾನೇಜರ್ ವಿಲ್ಫ್ ಹ್ಯಾಸ್ಲಮ್ ಮೆಲ್ಲಗೆ ಬಂದರು. ನೇರ ನನ್ನ ಮುಂದೆ ನಿಂತರು.

"ಜಾರ್ಜ್, ಅವರ ಒಂಬತ್ತನೇ ನಂಬರಿನವನ ಬೆನ್ನು ಬಿಡಬೇಡ. ನಿನ್ನ ಉಸಿರು ಅವನ ಕುತ್ತಿಗೆಗೆ ತಾಗ್ತಿರ್ಬೇಕು."

ನಮ್ಮ ತಂಡದಲ್ಲಿ ಜಾರ್ಜ್ ಎನ್ನುವವನೇ ಇಲ್ಲ.

ಪಕ್ಕದಲ್ಲಿದ್ದ ರಾನ್ ಟಾಟರ್ಸಲ್ ಸುಮ್ಮನಿರುವ ಪೈಕಿಯೇ? "ಜಾರ್ಜ್ ಇವತ್ತು ಮೂರು ಮಾಂಸದ ಪೈ ಬಾರಿಸಿ ಬಂದಿದಾನೆ ಬಾಸ್, ಓಡೋಕಾಗ್ತಿಲ್ಲ ಅವನ ಕೈಲಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಸ್ ನಗಲಿಲ್ಲ. ಒಬ್ಬೊಬ್ಬನ ಮುಂದೆ ನಿಂತು ಒಂದೊಂದು ಹೆಸರು ಕರೆದರು. ಸ್ಟ್ಯಾನ್, ಜೋ, ಪುಟ್ಟ ಹ್ಯಾರಿ. ಅವರು ಆಡುತ್ತಿದ್ದ ಕಾಲದ ತಂಡ ಅದು. ಕ್ಲಬ್ಬಿನ ಕಾರಿಡಾರಿನಲ್ಲಿ ಅವರ ಫೋಟೊ ತೂಗುಹಾಕಿದೆ. ಆಮೇಲೆ ಟ್ರೈನರ್ ಸಿಡ್ ಕಡೆ ತಿರುಗಿ, "ಚೆಂಡಿನ ಲೇಸು ಬಿಗಿಯಾಗಿ ಕಟ್ಟು, ಕಳೆದ ಸಲ ನನ್ನ ಹಣೆ ಕುಯ್ದುಬಿಡ್ತು" ಎಂದರು. ಚೆಂಡಿಗೆ ಲೇಸು ಕಟ್ಟುವುದು ನಿಂತು ಎಷ್ಟು ವರ್ಷವಾಯಿತು!

ಆಮೇಲೆ ಯಾರೂ ನಗಲಿಲ್ಲ.

ಸೋತೆವು, ಅದು ಹೊಸದಲ್ಲ. ದ್ವಿತೀಯಾರ್ಧದಲ್ಲಿ ಮೇಲೆ ಬಂದ ಚೆಂಡನ್ನೆಲ್ಲ ತಲೆಯಲ್ಲೇ ಹೊಡೆದು ಹಾಕಿದೆ, ಒಂದನ್ನೂ ಬಿಡಲಿಲ್ಲ. ಹುಬ್ಬು ಒಡೆಯಿತು. ಸಿಡ್ ಅಲ್ಲೇ ಗೆರೆಯಾಚೆ ಹೊಲಿಗೆ ಹಾಕಿ ವಾಪಸ್ ತಳ್ಳಿದ, ಜನ ಚಪ್ಪಾಳೆ ಹೊಡೆದರು. ಮೂವತ್ತೈದಾದರೂ ಈ ಊರಲ್ಲಿ ಇನ್ನೂ ಇಂಥ ಹಣೆ ಇನ್ನೊಬ್ಬನಿಗಿಲ್ಲ. ತಲೆ ಸಿಡಿಯುತ್ತಿದೆ. ಎರಡು ಆಸ್ಪಿರಿನ್ ನುಂಗಿದ್ದೇನೆ.

ಫೆಬ್ರವರಿ 5, ಸೋಮವಾರ

ಚೇರ್ಮನ್ ಡಕ್‌ವರ್ತ್ ತಮ್ಮ ಪೈ ಬೇಕರಿಗೆ ಕರೆಸಿದರು. ಹಿಂದಿನ ಕೋಣೆಯಲ್ಲಿ ಹಿಟ್ಟು ಮೆತ್ತಿದ ತೋಳಿನಲ್ಲೇ ಕೂತಿದ್ದರು.

"ಬಾ ನೆವ್. ಕೂತ್ಕೋ. ವಿಲ್ಫ್ ಹೋದ್ರು."

"ಯಾವಾಗ? ಶನಿವಾರ ಚೆನ್ನಾಗಿದ್ರಲ್ಲ! ಹೃದಯಾಘಾತವಾ?"

"ಅಯ್ಯೋ, ಸತ್ತಿಲ್ಲ ಕಣಯ್ಯ. ನಾನೇ ತೆಗೆದೆ. ಬೆಳಗ್ಗೆ ಮನೆಗೆ ಹೋಗಿ ಹೇಳಿಬಂದೆ. ಶನಿವಾರದ ಪುರಾಣ ಇಡೀ ಊರಿಗೆ ಗೊತ್ತು. ಇನ್ಮೇಲೆ ನೀನೇ ನೋಡ್ಕೋ."

"ನಾನಾ? ನಾನು ಆಟಗಾರ, ಮಿಸ್ಟರ್ ಡಕ್‌ವರ್ತ್. ನನಗೆ ಗೊತ್ತಿರೋದು ಚೆಂಡನ್ನ ಅಡ್ಡ ಹಾಕೋದೊಂದೇ."

"ನಮ್ಮ ಗೋಲಿನ ಗತಿ ನೋಡಿದ್ರೆ ಅದೂ ಅನುಮಾನವೇ. ಆಡ್ಕೊಂಡೇ ನೋಡ್ಕೋ. ಪೈ ತಿಂತೀಯಾ?"

ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕೈಯಲ್ಲಿ ಬಿಸಿ ಪೈ ಹಿಡಿದು ಬೀದಿಯಲ್ಲಿ ನಿಂತಿದ್ದೆ. ಮನೆಗೆ ಬರುವಷ್ಟರಲ್ಲಿ ಸಂಜೆಯ ಪತ್ರಿಕೆಯಲ್ಲಿ ನನ್ನ ಮುಖ. 'ಮಿಲ್ಬರ್ಟನ್ ಟೌನ್‌ಗೆ ಹಿಂಡಲ್ ಸಾರಥಿ.' ಡೊರೀನ್ ಪತ್ರಿಕೆಯನ್ನು ಮೇಜಿನ ಮೇಲಿಟ್ಟು, "ನನಗೆ ಮೊದಲೇ ಹೇಳೋಕಾಗ್ತಿರ್ಲಿಲ್ವಾ?" ಎಂದಳು. ನನಗೇ ಯಾರೂ ಹೇಳಿರಲಿಲ್ಲ ಎಂದರೆ ಅವಳು ನಂಬಲಿಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಕಲ್ಲಿದ್ದಲ ಗಣಿಯ ತಂಡದಿಂದ ನನ್ನನ್ನು ಎಳೆದು ತಂದವರು ವಿಲ್ಫ್. ಅವರ ಕುರ್ಚಿಯಲ್ಲಿ ನಾನು ಹೇಗೆ ಕೂರಲಿ?

ಫೆಬ್ರವರಿ 6, ಮಂಗಳವಾರ

ಕೂರಬೇಕಾಗಿಯೇ ಬರಲಿಲ್ಲ. ಗ್ಯಾಸ್ ಲೇನ್ ಮೈದಾನದ ಆಫೀಸಿನ ಬಾಗಿಲು ತೆರೆದರೆ ಕುರ್ಚಿಯಲ್ಲಿ ವಿಲ್ಫ್ ಕೂತಿದ್ದಾರೆ. ಟೋಪಿ ಗೂಟಕ್ಕೆ ಹಾಕಿದ್ದಾರೆ, ಮುಂದೆ ಟೀ ಹೊಗೆಯಾಡುತ್ತಿದೆ. ತಮ್ಮ ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದಾರೆ ಎಂದುಕೊಂಡೆ.

"ಏನ್ ನೆವ್, ಇಷ್ಟು ಬೇಗ? ಡೊರೀನ್ ಹೊರಗೆ ಹಾಕಿದ್ಲಾ?"

"ಬಾಸ್, ನಿನ್ನೆ ಆಗಿದ್ದಕ್ಕೆ ನನಗೆ ತುಂಬಾ ಬೇಜಾರಾಯ್ತು. ನಾನು ಕೇಳಿರ್ಲಿಲ್ಲ ಇದನ್ನ, ಆಣೆ ಮಾಡಿ ಹೇಳ್ತೀನಿ."

"ನಿನ್ನೆ ಏನಾಯ್ತು?"

ತಮಾಷೆ ಮಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ಇಲ್ಲ. ಹೇಳದೆ ವಿಧಿಯಿರಲಿಲ್ಲ. ಹೇಳಿದೆ. ಮುಖದ ರಕ್ತವೆಲ್ಲ ಇಳಿದು ಹೋಯಿತು. ಬಾಯಿ ತೆರೆದು ಮುಚ್ಚಿದರು. ಕೊನೆಗೆ ಎದ್ದು, ಟೋಪಿ ಹಾಕಿಕೊಂಡು, ನನ್ನ ಕೈ ಕುಲುಕಿ, "ಒಳ್ಳೇದಾಗ್ಲಿ ಮಗಾ. ಹುಡುಗರನ್ನ ಚೆನ್ನಾಗಿ ನೋಡ್ಕೋ" ಎಂದು ಹೊರಟುಹೋದರು. ಟೀ ಹಾಗೆಯೇ ಉಳಿಯಿತು.

ಫೆಬ್ರವರಿ 7, ಬುಧವಾರ

ಇವತ್ತು ಮತ್ತೆ ಬಂದಿದ್ದರು. ಅದೇ ಕುರ್ಚಿ. "ಏನ್ ನೆವ್, ಇಷ್ಟು ಬೇಗ?"

ನಾನು ದಡ್ಡ. ಮತ್ತೆ ಹೇಳಿದೆ. ಅದೇ ರಕ್ತ ಇಳಿದ ಮುಖ, ಜೀವನದಲ್ಲಿ ಮೊದಲ ಸಲ ಕೇಳುತ್ತಿರುವವರ ಹಾಗೆ. ಒಬ್ಬನೇ ಮನುಷ್ಯನನ್ನು ಎರಡನೇ ಸಲ ಕೊಂದ ಹಾಗಾಯಿತು. ಇನ್ನೇನೂ ಬರೆಯಲಾರೆ.

ಫೆಬ್ರವರಿ 8, ಗುರುವಾರ

ಹೇಳಲಿಲ್ಲ.

"ಏನ್ ನೆವ್, ಇಷ್ಟು ಬೇಗ?" ಎಂದರು. "ಹೌದು ಬಾಸ್, ನಿದ್ದೆ ಬರ್ಲಿಲ್ಲ" ಎಂದೆ. ನನಗೂ ಟೀ ಬಸಿದು ಕೊಟ್ಟರು. ಶನಿವಾರಕ್ಕೆ ಯಾರ್ಯಾರು ಎಂದು ಕೇಳಿದರು. ನಮ್ಮ ಬಲಬದಿಯ ಹುಡುಗ ತಿರುಗುವಾಗ ನಿಧಾನ, ಅವನ ಮುಂದೆ ಒಬ್ಬ ಓಟಗಾರನನ್ನು ನಿಲ್ಲಿಸು ಎಂದರು. ಇಡೀ ಊರಿನಲ್ಲಿ ಯಾರಿಗೂ ಕಾಣದ್ದು ಅವರಿಗೆ ಕಂಡಿತ್ತು. ನಿನ್ನೆ ಏನು ತಿಂದೆ ಎಂದು ತಿಳಿಯದವರಿಗೆ ಇದು ಹೇಗೆ ತಿಳಿಯುತ್ತದೆ?

ಮಧ್ಯಾಹ್ನ ಸಂತೋಷವಾಗಿ ಮನೆಗೆ ಹೋದರು. ನಾನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಕೆಲಸ ಮಾಡಿದೆ.

ಫೆಬ್ರವರಿ 14, ಬುಧವಾರ

ವಿಲ್ಫ್‌ರ ಹೆಂಡತಿ ಎಡ್ನಾ ಬರಹೇಳಿದ್ದರು. ವಿಲ್ಫ್ ಮಹಡಿಯಲ್ಲಿ ಮಲಗಿದ್ದರು. ಆಕೆ ಅಡುಗೆಮನೆಯಲ್ಲಿ ಬ್ರೆಡ್‌ಗೆ ಬೆಣ್ಣೆ ಸವರುತ್ತಾ, ನನ್ನ ಮುಖ ನೋಡದೆಯೇ ಮಾತಾಡಿದರು.

"ಒಂದು ವರ್ಷದಿಂದ ಮುಚ್ಚಿಟ್ಟಿದ್ದೆ ಮಗಾ. ಷರಟಿನ ಗುಂಡಿ ನಾನೇ ಹಾಕ್ತಿದ್ದೆ. ಬಸ್ಸಿನ ನಂಬರು ಕೈಮೇಲೆ ಬರೆದು ಕಳಿಸ್ತಿದ್ದೆ. ಅಲ್ಲಿಗೆ ಬಂದ್ರೆ ನಿನಗೆ ತೊಂದರೆ ಆಗುತ್ತೇನೋ?"

"ಏನೂ ಇಲ್ಲ. ಬರ್ಲಿ."

"ದೊಡ್ಡ ಡಾಕ್ಟರ ಹತ್ರ ಹೋಗಿದ್ವಿ. 'ನಿಮ್ಮ ಯಜಮಾನ್ರು ಬಾಕ್ಸಿಂಗ್ ಮಾಡ್ತಿದ್ರಾ' ಅಂದ್ರು. ಇಲ್ಲಪ್ಪ, ಫುಟ್‌ಬಾಲು ಅಂದೆ. 'ಯಾವ ಜಾಗದಲ್ಲಿ' ಅಂದ್ರು. ಸೆಂಟರ್-ಹಾಫ್ ಅಂದೆ. 'ಅಂದ್ರೆ?' ಅಂತ ಕೇಳಿದ್ರು, ಆ ಮನುಷ್ಯನಿಗೆ ಆಟ ಗೊತ್ತಿಲ್ಲ. ಮೇಲೆ ಬಂದ ಚೆಂಡನ್ನೆಲ್ಲ ತಲೇಲಿ ಹೊಡೀಬೇಕು ಅಂದೆ. ಸುಮ್ನೆ ಏನೋ ಬರ್ಕೊಂಡ್ರು."

ಆಗ ತಲೆಯೆತ್ತಿ ನನ್ನ ಹುಬ್ಬಿನ ಹೊಲಿಗೆ ನೋಡಿದರು. ಚಾಕು ಕೈಯಲ್ಲೇ ಇತ್ತು.

"ನಿನಗೀಗ ಎಷ್ಟು ವಯಸ್ಸು ಮಗಾ?"

"ಮೂವತ್ತೈದು."

ಮತ್ತೆ ಬೆಣ್ಣೆ ಸವರಿದರು. ನಾವಿಬ್ಬರೇ, ಆದರೂ ತಟ್ಟೆ ತುಂಬುವಷ್ಟು ಬ್ರೆಡ್ ಆಯಿತು.

ಮನೆಗೆ ಬಂದು ಸ್ನಾನದ ಮನೆಯ ನಲ್ಲಿಗೆ ಹೊಸ ವಾಷರ್ ಹಾಕಿದೆ. ತುಂಬಾ ದಿನದಿಂದ ಸೋರುತ್ತಿತ್ತು.

ಫೆಬ್ರವರಿ 24, ಶನಿವಾರ

ನನ್ನನ್ನು ನಾನೇ ತಂಡದಿಂದ ಬಿಟ್ಟೆ. ಮೊಣಕಾಲು ಸರಿಯಿಲ್ಲ. ಮೂರು ಗೋಲು ತಿಂದು ಸೋತೆವು.

ಬಸ್ಸಿನಲ್ಲಿ ರಾನ್ ಪಕ್ಕ ಬಂದು ಕೂತ. ಎಂಟು ವರ್ಷದಿಂದ ನಾವಿಬ್ಬರೂ ಗೋಲಿನ ಮುಂದೆ ಅಕ್ಕಪಕ್ಕ ನಿಂತು ಆಡಿದವರು. ಅವನ ಕೆಮ್ಮು ಕೇಳಿದರೆ ಸಾಕು, ಯಾವ ಕಡೆ ಓಡುತ್ತಾನೆ ಎಂದು ನನಗೆ ಗೊತ್ತಾಗುತ್ತದೆ.

"ಯಾವ ಮೊಣಕಾಲಪ್ಪಾ?" ಎಂದ.

"ಎಡದ್ದು."

"ಮಂಗಳವಾರ ಬಲದ್ದು ಅಂದಿದ್ದೆ."

"ಎರಡೂ ಕಣೋ."

"ಬಾಸ್ ಆದ ತಕ್ಷಣ ಬಿಳಿ ಕಾಲರಿನ ಷರಟು, ಬೆಚ್ಚಗಿನ ಕೋಟು. ಮೈಗೆ ಕೆಸರಾಗೋದು ಬೇಡ ಅಲ್ವಾ, ಮಿಸ್ಟರ್ ಹಿಂಡಲ್?"

ತಮಾಷೆಗೇ ಅಂದ. ಆದರೂ ಆಮೇಲೆ ಹಿಂದಿನ ಸೀಟಿಗೆ ಹೋಗಿ ಉಳಿದವರ ಜೊತೆ ಇಸ್ಪೀಟು ಆಡಿದ. ನಾನು ಹೋದರೆ ಮಾತು ನಿಂತಿತು. ಮುಂದೆ ಬಂದು ಡ್ರೈವರ್ ಪಕ್ಕ ಕೂತೆ.

ಮಾರ್ಚ್ 6, ಮಂಗಳವಾರ

ಅಭ್ಯಾಸದಲ್ಲಿ ಮೂಲೆಯಿಂದ ಕಾರ್ನರ್ ಹೊಡೆದು ತಲೆಯಲ್ಲಿ ತಳ್ಳುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ. ನೆಲ ಕಬ್ಬಿಣದ ಹಾಗೆ ಹೆಪ್ಪುಗಟ್ಟಿದೆ, ಯಾರಾದರೂ ಬಿದ್ದರೆ ಮೂಳೆ ಮುರಿಯುತ್ತದೆ. ಚರ್ಚಿನ ಹಾಲ್‌ನೊಳಗೆ ಐದೈದು ಜನರ ಆಟ ಆಡಿಸುತ್ತಿದ್ದೇನೆ. ಚೆಂಡು ಸೊಂಟದ ಮೇಲೆ ಏರಿದರೆ ಎದುರಾಳಿಗೆ.

ಸಿಡ್ ಬಕೆಟ್ ಮೇಲೆ ಕೂತು ಹೇಳಿದ: "ಮಂಜು ಕರಗಿ ವಾರ ಆಯ್ತು ನೆವ್. ಹೊರಗೆ ಹೂ ಬಿಟ್ಟಿದೆ."

"ನೆಲದೊಳಗೆ ಇನ್ನೂ ಗಟ್ಟಿ ಇರುತ್ತೆ" ಎಂದೆ.

ವಿಲ್ಫ್ ಬಂದು ಗೋಡೆಗೆ ಒರಗಿ ನೋಡುತ್ತಿದ್ದರು. ಅವರಿಗೆ ಇದೆಲ್ಲ ತಾವೇ ಹೇಳಿ ಆಡಿಸುತ್ತಿರುವ ಹಾಗೆ. "ಹಾಂ, ಹೀಗೆ. ಕಾಲಿಗೆ ಕೊಡು, ಕಾಲಿಗೆ!" ಎಂದು ಕೂಗುತ್ತಿದ್ದರು. ಹುಡುಗರು "ಆಯ್ತು ಬಾಸ್" ಎಂದರು. ಯಾವ ಬಾಸ್‌ಗೆ ಹೇಳಿದರೋ, ಇಬ್ಬರಿಗೂ ಸಂದಿತು.

ಮಾರ್ಚ್ 24, ಶನಿವಾರ

ಗೆದ್ದೆವು. ಮೂರು–ಸೊನ್ನೆ! ಇನ್ನೂ ನಂಬಿಕೆ ಬರುತ್ತಿಲ್ಲ.

ಎದುರಿಗಿದ್ದದ್ದು ಪಟ್ಟಿಯಲ್ಲಿ ಮೇಲಿನ ಸ್ಥಾನದಲ್ಲಿರುವ ತಂಡ. ನಮ್ಮವರು ಚೆಂಡನ್ನು ನೆಲದಿಂದ ಏಳಿಸಲೇ ಇಲ್ಲ. ಹತ್ತು ನಿಮಿಷ ಮಿಲ್ಬರ್ಟನ್ ಜನರಿಗೆ ಏನು ನೋಡುತ್ತಿದ್ದೇವೆ ಎಂದೇ ತಿಳಿಯಲಿಲ್ಲ. ಕಂಬಿಯ ಬಳಿಯ ಮುದುಕನೊಬ್ಬ, "ಲೋ, ಮೇಲಕ್ಕೆ ಒದೀರೋ! ನೆಲ ಗುಡಿಸ್ತಿದೀರೇನ್ರೋ?" ಎಂದು ಬಯ್ಯುತ್ತಲೇ ಇದ್ದ. ಮೊದಲ ಗೋಲು ಬಿತ್ತು. ಬಯ್ಗುಳ ನಿಂತಿತು. ಎರಡನೆಯದಕ್ಕೆ ಅವನೇ ಟೋಪಿ ಮೇಲಕ್ಕೆ ಎಸೆದ.

ರಾನ್ ಸ್ನಾನದ ತೊಟ್ಟಿಯಿಂದಲೇ ಕೂಗಿದ: "ಇವತ್ತು ಒಂದು ಸಲಾನೂ ತಲೆ ಕೂದಲು ಕೆಡಲಿಲ್ಲ ಕಣೋ! ಹೀಗೇ ಆಡಿಸಿದ್ರೆ ನಲವತ್ತೈದರವರೆಗೆ ಆಡ್ತೀನಿ." ಬಹಳ ದಿನಗಳ ಮೇಲೆ ನನ್ನ ಜೊತೆ ನಕ್ಕ.

ಮಾರ್ಚ್ 26, ಸೋಮವಾರ

ಚೇರ್ಮನ್ ಎಂದೂ ಬೆಳಗ್ಗೆ ಮೈದಾನದ ಕಡೆ ಬಾರದವರು ಇವತ್ತು ಅಭಿನಂದನೆ ಹೇಳಲು ಪೈ ಪೆಟ್ಟಿಗೆ ಹಿಡಿದು ಬಂದರು. ಕುರ್ಚಿಯಲ್ಲಿ ವಿಲ್ಫ್. ಸ್ಟೂಲಿನ ಮೇಲೆ ನಾನು. ವಿಲ್ಫ್ ಎದ್ದು, "ಬನ್ನಿ ಬನ್ನಿ ಮಿಸ್ಟರ್ ಡಕ್‌ವರ್ತ್, ಶನಿವಾರ ನಮ್ಮ ಹುಡುಗರು ಹೇಗೆ?" ಎಂದು ಕೈ ಚಾಚಿದರು.

ಡಕ್‌ವರ್ತ್ ನನ್ನನ್ನು ಹೊರಗೆ ಎಳೆದುಕೊಂಡು ಹೋದರು.

"ಏನಿದು? ಎಷ್ಟು ದಿನದಿಂದ ನಡೀತಿದೆ?"

"ಮೊದಲ ದಿನದಿಂದ."

"ಪೇಪರಿನವರು ನೋಡಿದ್ರೆ? ತೆಗೆದುಹಾಕಿದ ಮ್ಯಾನೇಜರು ಕುರ್ಚೀಲಿ, ಇರೋ ಮ್ಯಾನೇಜರು ಸ್ಟೂಲ್ ಮೇಲೆ! ನಾಳೆಯಿಂದ ಗೇಟಲ್ಲೇ ತಡೀಬೇಕು."

"ಅವರು ಬರದಿದ್ರೆ ನಾನೂ ಬರಲ್ಲ."

ಬಾಯಿಂದ ಬಿದ್ದ ಮೇಲೆಯೇ ನನಗೆ ಕೇಳಿಸಿದ್ದು. ಮನೆ ಸಾಲ, ಮಗಳ ಶಾಲೆ, ಡೊರೀನ್, ಯಾವುದೂ ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ಡಕ್‌ವರ್ತ್ ನನ್ನಷ್ಟೇ ದಂಗಾಗಿ ನಿಂತಿದ್ದರು. ಕೊನೆಗೆ ಪೆಟ್ಟಿಗೆ ತೆರೆದು ತಾವೇ ಒಂದು ಪೈ ಕಚ್ಚಿ, "ಗೆಲ್ತಿರೋವರೆಗೆ ಇರ್ಲಿ" ಎಂದು ಹೊರಟರು.

ಏಪ್ರಿಲ್ 11, ಬುಧವಾರ

ವಿಲ್ಫ್ ಬರಲಿಲ್ಲ. ಅವರ ಮನೆಗೆ ಹೋದೆ. ಬಾಗಿಲು ತೆರೆದ ಎಡ್ನಾರ ಎಡಗಣ್ಣು ಊದಿ ಮುಚ್ಚಿಹೋಗಿತ್ತು.

"ಬೆಳಗ್ಗೆ ನನ್ನ ನೋಡಿ ಹೆದರಿಬಿಟ್ರು ಕಣೋ. 'ಯಾರು ನೀನು, ಎಡ್ನಾ ಎಲ್ಲಿ, ಅವಳನ್ನ ಏನು ಮಾಡ್ದೆ' ಅಂತ ಬಾಣಲೆ ತಗೊಂಡ್ರು. ನನ್ನನ್ನ ಕಾಪಾಡೋಕೇ ನನ್ನ ಹೊಡೆದ್ರು."

ಆಂಬುಲೆನ್ಸ್ ಆಗಲೇ ಬಂದು ವಿಲ್ಫ್‌ರನ್ನು ಕರೆದೊಯ್ದಿತ್ತು. ಗುಡ್ಡದ ಮೇಲಿನ ಆಸ್ಪತ್ರೆ. ಅಲ್ಲಿಗೆ ಹೋದವರು ವಾಪಸ್ ಬರುವುದಿಲ್ಲ ಎಂದು ನಮ್ಮೂರ ಮಕ್ಕಳಿಗೂ ಗೊತ್ತು.

ಮಧ್ಯಾಹ್ನ ಆಫೀಸಿನಲ್ಲಿ ಸುಮ್ಮನೆ ಕೂತಿದ್ದೆ. ಸ್ಟೂಲಿನ ಮೇಲೆಯೇ.

ಏಪ್ರಿಲ್ 22, ಭಾನುವಾರ

ರಾನ್ ಮತ್ತು ನಾನು ಆಸ್ಪತ್ರೆಗೆ ಹೋಗಿದ್ದೆವು. ವಿಲ್ಫ್‌ರನ್ನು ಕಿಟಕಿಯ ಬಳಿ ಕೂರಿಸಿದ್ದರು. ಯಾರದೋ ಕಾರ್ಡಿಗನ್ ತೊಡಿಸಿದ್ದರು, ತೋಳು ಗಿಡ್ಡ. ರಾನ್ ಬಾಗಿಲಲ್ಲೇ, "ಬಾಸ್, ಇಲ್ಲಿನ ತಂಡ ಹೇಗಿದೆ? ನರ್ಸುಗಳು ಮಾತ್ರ ಮೊದಲ ಡಿವಿಷನ್!" ಎಂದ. ಅವರು ನಮ್ಮಿಬ್ಬರನ್ನೂ ಮರ್ಯಾದೆಯಿಂದ ನೋಡಿದರು, ಅಪರಿಚಿತರನ್ನು ನೋಡುವ ಹಾಗೆ. ಹೆಸರು ಹೇಳಿದೆ. "ಓ, ಹೌದಾ" ಎಂದರು.

ಆಮೇಲೆ ಕೈ ಎತ್ತಿ ನನ್ನ ಹುಬ್ಬಿನ ಗಾಯದ ಗೆರೆ ಮುಟ್ಟಿದರು. "ಯಾರಪ್ಪಾ ನಿನಗೆ ಹೊಡೆದಿದ್ದು?"

"ಯಾರೂ ಇಲ್ಲ ಬಾಸ್. ಚೆಂಡು ಹೊಡೀವಾಗ ಆಗಿದ್ದು."

"ಚೆಂಡು?" ಎಂದರು. ಆ ಮಾತನ್ನೇ ಎಂದೂ ಕೇಳಿಲ್ಲದವರ ಹಾಗೆ ನನ್ನನ್ನು ನೋಡಿದರು.

ವಾಪಸ್ ಬರುವ ಬಸ್ಸಿನಲ್ಲಿ ರಾನ್ ಟಿಕೆಟ್ ಮಡಚುತ್ತಾ ಕೂತಿದ್ದ. "ವಯಸ್ಸು ಕಣೋ. ನಮ್ಮಜ್ಜನೂ ಹೀಗೇ ಆಗಿದ್ದ" ಎಂದ.

"ನಿಮ್ಮಜ್ಜನಿಗೆ ಎಷ್ಟಾಗಿತ್ತು?"

"ಎಂಬತ್ತಾರು."

"ಇವರಿಗೆ ಐವತ್ತೆಂಟು."

ಅವನು ಕಿಟಕಿಯ ಕಡೆ ತಿರುಗಿದ.

ಮೇ 5, ಶನಿವಾರ

ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ಅರ್ಥವಾಗುವುದಿಲ್ಲ.

ಕೊನೆಯ ಪಂದ್ಯ, ನಮ್ಮ ಮೈದಾನದಲ್ಲೇ. ಒಂದು ಅಂಕ ಸಾಕಿತ್ತು, ಸಮ ಮಾಡಿಕೊಂಡರೆ ಉಳಿದೆವು. ಸೋತರೆ ನಾಲ್ಕನೇ ಡಿವಿಷನ್‌ನ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿ, ಲೀಗಿನಲ್ಲಿ ಇಟ್ಟುಕೊಳ್ಳಿ ಎಂದು ಬೇರೆ ಕ್ಲಬ್ಬುಗಳ ಮುಂದೆ ಕೈಚಾಚಬೇಕು. ಮತ ಹಾಕಿ ಹೊರಗೆ ಕಳಿಸಿದರೆ ಮಿಲ್ಬರ್ಟನ್ ಟೌನ್ ಮುಗಿದ ಹಾಗೆಯೇ. ಇದ್ದೊಬ್ಬ ಬದಲಿ ಆಟಗಾರ ಹಾಫ್‌ಟೈಮ್‌ಗೇ ಒಳಗೆ ಹೋಗಿದ್ದ, ಒಬ್ಬನ ತೊಡೆ ಹಿಡಿದುಕೊಂಡಿದ್ದರಿಂದ.

ಇನ್ನು ಕಾಲು ಗಂಟೆ ಉಳಿದಿತ್ತು. ಸೊನ್ನೆ–ಸೊನ್ನೆ. ಎತ್ತರದ ಚೆಂಡೊಂದು ಬಂತು. ರಾನ್ ಹಾರಿದ, ಅವರ ಒಂಬತ್ತನೆಯವನೂ ಹಾರಿದ. ಎರಡು ತಲೆ ತಾಗಿದ ಸದ್ದು ನನಗೆ ಬೆಂಚಿನವರೆಗೆ ಕೇಳಿಸಿತು. ತೆಂಗಿನಕಾಯಿ ಒಡೆದ ಹಾಗೆ. ರಾನ್ ಮೂಟೆ ಬಿದ್ದ ಹಾಗೆ ಬಿದ್ದ, ಕೈ ಕೂಡ ಊರಲಿಲ್ಲ.

ಸಿಡ್ ಬಕೆಟ್ ಹಿಡಿದು ಓಡಿದ. ನಾನೂ ಓಡಿದೆ. ನಾವು ಮುಟ್ಟುವಷ್ಟರಲ್ಲಿ ರಾನ್ ಕಣ್ಣುಬಿಟ್ಟು ಕೂತಿದ್ದ.

"ಸ್ಪಂಜು ಹಿಂಡು ಸಿಡ್. ಏನಾಗಿಲ್ಲ."

"ಇವತ್ತು ಯಾರ ಮೇಲೆ ಆಡ್ತಿದೀವಿ ರಾನ್?" ಎಂದೆ.

ಸರಿಯಾಗಿಯೇ ಹೇಳಿದ. ವಾರ ಹೇಳಿದ. ಹೆಂಡತಿ ಪೆಗ್ಗಿಯ ಹೆಸರು ಹೇಳಿದ. "ಸಾಕಾ ಮೇಷ್ಟ್ರೇ, ಮಗ್ಗಿ ಬೇರೆ ಒಪ್ಪಿಸ್ಲಾ?" ಎಂದ. ಸಿಡ್ ನಕ್ಕ. ಎಲ್ಲ ಸರಿಯಾಗಿತ್ತು. ಆದರೆ ಅವನು ಮಾತಾಡುತ್ತಾ ಬೂಟಿನ ದಾರ ಕಟ್ಟುತ್ತಿದ್ದ. ಕಟ್ಟಿಯೇ ಇತ್ತು. ಬಿಚ್ಚಿ ಮತ್ತೆ ಕಟ್ಟಿದ. ಮತ್ತೆ ಬಿಚ್ಚಿದ.

"ಹೊರಗೆ ಬಾ" ಎಂದೆ.

"ಏನಂದೆ?"

"ಸಾಕು. ಹೊರಗೆ."

"ತಲೆ ಕೆಟ್ಟಿದೆಯಾ ನಿನಗೆ? ಬದಲಿಗೆ ಯಾರಿದಾರೆ? ಹತ್ತು ಜನ ಆಡ್ತಾರಾ?"

"ಹತ್ತು ಜನ ಆಡ್ತಾರೆ."

ನನ್ನ ಎದೆಗೆ ಕೈಹಾಕಿ ತಳ್ಳಿದ. ಎಂಟು ವರ್ಷದಲ್ಲಿ ಮೊದಲ ಸಲ. "ಇವತ್ತಿನ ದಿನ ನನ್ನ ಹೊರಗೆ ಹಾಕ್ತೀಯಾ? ನನ್ನ? ನೀನಾಗಿದ್ರೆ ರಕ್ತ ಒರೆಸ್ಕೊಂಡು ಓಡ್ತಿದ್ದೆ!" ಸಿಡ್ ನನ್ನ ಕಿವಿಯಲ್ಲಿ, "ಬಿಡು ನೆವ್, ಇದಕ್ಕಿಂತ ಕೆಟ್ಟದ್ದಾದಾಗ್ಲೂ ಆಡಿದಾರೆ" ಎಂದ. ಮೇಲಿನ ಕಟ್ಟೆಯಲ್ಲಿ ಡಕ್‌ವರ್ತ್ ಎದ್ದು ನಿಂತು ಏನೋ ಕೂಗುತ್ತಿದ್ದರು. ಇಡೀ ಮೈದಾನ ಕೂಗುತ್ತಿತ್ತು. ನಾನು ಅವನ ತೋಳು ಹಿಡಿದು ಗೆರೆಯಾಚೆ ಕರೆದುಕೊಂಡು ಬಂದೆ. ಬಿಡಲಿಲ್ಲ. ಬಿಟ್ಟಿದ್ದರೆ ಓಡುತ್ತಿದ್ದ.

ಇನ್ನೇನು ಮುಗಿಯಬೇಕು ಎನ್ನುವಾಗ ಅವರಿಗೆ ಕಾರ್ನರ್ ಸಿಕ್ಕಿತು. ರಾನ್ ನಿಲ್ಲುವ ಜಾಗ ಖಾಲಿ. ಅವರ ಒಂಬತ್ತನೆಯವನೇ, ಹಣೆಗೆ ಬ್ಯಾಂಡೇಜ್ ಸುತ್ತಿಕೊಂಡು, ಆರಾಮಾಗಿ ತಲೆಯಲ್ಲಿ ತಳ್ಳಿದ. ಒಂದು–ಸೊನ್ನೆ.

ಸೀಟಿ ಊದಿದ ಮೇಲೆ ಯಾರೋ ನನ್ನ ಮುಖಕ್ಕೆ ಉಗುಳಿದರು. ಒರೆಸಿಕೊಂಡು ಒಳಗೆ ಹೋದೆ. ಹುಡುಗರು ಅಳುತ್ತಿದ್ದರು. ರಾನ್ ಮೂಲೆಯಲ್ಲಿ ಕೂತಿದ್ದ. ನನ್ನನ್ನು ನೋಡಿ ಹಿತವಾಗಿ ನಕ್ಕ.

"ಎಷ್ಟಕ್ಕೆ ಮುಗೀತು ನೆವ್?"

"ಒಂದು–ಸೊನ್ನೆ. ಸೋತ್ವಿ."

ಮುಖದ ರಕ್ತ ಇಳಿದು ಹೋಯಿತು. ಬಾಯಿ ತೆರೆದು ಮುಚ್ಚಿದ. ನೆಲ ನೋಡುತ್ತಾ ಕೂತ. ಸ್ವಲ್ಪ ಹೊತ್ತಿಗೆ ತಲೆಯೆತ್ತಿದ.

"ಎಷ್ಟಕ್ಕೆ ಮುಗೀತು ನೆವ್?"

ಅವನ ಪಕ್ಕದಲ್ಲಿ ಕೂತುಬಿಟ್ಟೆ. "ಸಮ ಆಯ್ತು ಕಣೋ. ಸೊನ್ನೆ–ಸೊನ್ನೆ" ಎಂದೆ.

"ಹಾಗಾದ್ರೆ ಉಳಿದ್ವಿ!" ಎಂದು ನನ್ನ ತೊಡೆಗೆ ಹೊಡೆದ.

ಹುಡುಗರೆಲ್ಲ ಅಳು ನಿಲ್ಲಿಸಿ ನಮ್ಮಿಬ್ಬರನ್ನೇ ನೋಡುತ್ತಿದ್ದರು.

ಯಾಕೆ ಅವನನ್ನು ಹೊರಗೆ ತಂದೆ ಎಂದು ಡೊರೀನ್ ಕೇಳಿದಳು. ನನಗೆ ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ.

ಮೇ 7, ಸೋಮವಾರ

ಆಸ್ಪತ್ರೆಯವರು ಒಂದು ದಿನ ಇಟ್ಟುಕೊಂಡು ರಾನ್‌ನನ್ನು ಮನೆಗೆ ಕಳಿಸಿದ್ದಾರೆ. ಫೋನ್ ಮಾಡಿದ. ದನಿ ಮೊದಲಿನ ಹಾಗೆಯೇ ಇದೆ.

"ನನ್ನ ಕೈಲಿ ಆಡೋಕಾಗ್ತಿತ್ತು ಅಂತ ಎಲ್ಲರೂ ಹೇಳ್ತಿದಾರೆ. ಸಿಡ್ ಕೂಡ. ನೀನು ಕ್ಲಬ್ಬನ್ನ ಮುಳುಗಿಸಿದೆ, ನನ್ನ ನೆಪ ಮಾಡ್ಕೊಂಡು."

"ರಾನ್, ನೀನು ಅವತ್ತು ಒಳಗೆ..."

ಇಟ್ಟುಬಿಟ್ಟ.

ಮೇ 12, ಶನಿವಾರ

ಮಾಂಸದಂಗಡಿಯವನು ಸಾಸೇಜ್ ಕೊಟ್ಟ, ಮುಖ ಕೊಡಲಿಲ್ಲ. ಮಗಳು ಶಾಲೆಯಿಂದ ಹರಿದ ತೋಳಿನಲ್ಲಿ ಬಂದಳು, ಯಾಕೆ ಎಂದು ಹೇಳುತ್ತಿಲ್ಲ. ಡಕ್‌ವರ್ತ್ ಹೇಳಿದ್ದು ಇಷ್ಟೇ: "ಲಂಡನ್ನಲ್ಲಿ ಮತ ಆಗೋವರೆಗೆ ನೀನು ಇದ್ದೀಯ. ಆಮೇಲೆ ನೋಡೋಣ."

ಎಡ್ನಾ ಒಬ್ಬರೇ ಮನೆಗೆ ಬಂದು, ಏನೂ ಹೇಳದೆ, ಬಾಗಿಲಲ್ಲೇ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟು ಹೋದರು.

ಜೂನ್ 8, ಶುಕ್ರವಾರ

ಉಳಿದೆವು! ಡಕ್‌ವರ್ತ್ ಲಂಡನ್ನಿನಿಂದ ಫೋನ್ ಮಾಡಿದರು. ಹಿಂದೆ ಗ್ಲಾಸುಗಳ ಸದ್ದು.

"ವಿಚಿತ್ರ ಕೇಳು. ಮೂರ್ನಾಲ್ಕು ಕ್ಲಬ್ಬಿನ ಮ್ಯಾನೇಜರುಗಳು ನನ್ನ ಹತ್ರ ಬಂದು, 'ಏಟು ಬಿದ್ದವನನ್ನ ಹೊರಗೆ ತಂದನಲ್ಲ, ಅವನ ಕ್ಲಬ್ಬು ಇದೇನಾ' ಅಂದ್ರು. ಹಳೇ ಡಿಫೆಂಡರುಗಳೇ ಎಲ್ಲ. ಅವರ ಮತ ನಮಗೇ ಬಿತ್ತು. ನನಗಂತೂ ಅರ್ಥ ಆಗ್ಲಿಲ್ಲ. ಹೋಗ್ಲಿ, ನೀನು ಇರು. ಆದ್ರೆ ಟಾಟರ್ಸಲ್ ಬೇಡ. ಡಾಕ್ಟರು ಸಹಿ ಹಾಕಿದಾರೆ ಅಂತಾನೆ, ಆದ್ರೆ ನಿನ್ನ ಜೊತೆ ಮಾತೇ ಆಡದವನು ಯಾಕೆ ಬೇಕು? ಹೊಸ ಆಟಗಾರರನ್ನ ನೋಡು."

"ಇನ್ನೊಬ್ಬ ಸೆಂಟರ್-ಹಾಫ್ ಬೇಕಾಗುತ್ತೆ. ನಾನು ಇನ್ನು ಆಡಲ್ಲ" ಎಂದೆ.

"ಮೊಣಕಾಲಾ?"

"ಮೊಣಕಾಲು."

ಫೋನ್ ಇಟ್ಟ ಮೇಲೆ ಡೊರೀನ್ ಹಿಂದೆ ನಿಂತಿದ್ದಳು. "ಇವತ್ತು ಬೆಳಗ್ಗೆ ಬಸ್ಸು ಹಿಡಿಯೋಕೆ ನೀನು ಕುದುರೆ ಹಾಗೆ ಓಡ್ದೆ" ಎಂದಳು. ಆಮೇಲೆ ಬೆನ್ನಿಗೆ ಮುಖ ಒತ್ತಿ ಬಹಳ ಹೊತ್ತು ಹಾಗೇ ಇದ್ದಳು. ಹೆಂಗಸರು ಯಾವುದಕ್ಕೆ ಅಳುತ್ತಾರೆ ಎನ್ನುವುದು ನನಗೆ ತಿಳಿಯದು.

ಜೂನ್ 9, ಶನಿವಾರ

ರಾನ್ ಮನೆಗೆ ಹೋದೆ. ಹಿತ್ತಲಿನಲ್ಲಿ ಈರುಳ್ಳಿ ಮಡಿ ಕೆದಕುತ್ತಿದ್ದ. ಪೆಗ್ಗಿ ಅಡುಗೆಮನೆಯಲ್ಲಿದ್ದಳು, ಕಿಟಕಿ ತೆರೆದಿತ್ತು.

"ತೆಗೆದುಹಾಕೋಕೆ ಬಂದ್ಯಾ? ಕಷ್ಟಪಡಬೇಡ. ಪಕ್ಕದ ಊರಿನ ಕ್ಲಬ್ಬಿನವರು ಕರೆದಿದಾರೆ. ಸೋಮವಾರ ಸಹಿ."

"ಆಡಬೇಡ ರಾನ್."

"ನಿನ್ನ ತಂಡದಲ್ಲಿ ಬೇಡ ಅನ್ನು, ಕೇಳ್ತೀನಿ. ಬೇರೆಯವರ ತಂಡದಲ್ಲಿ ಬೇಡ ಅನ್ನೋಕೆ ನೀನ್ಯಾರು?"

"ಸಿಡ್ ಕೆಲಸ ಬಿಡ್ತಿದಾನೆ. ಟ್ರೈನರ್ ಕೆಲಸ ಇದೆ. ನನ್ನ ಪಕ್ಕದಲ್ಲೇ ಕೂತ್ಕೋ."

ಗುದ್ದಲಿ ನೆಲಕ್ಕೆ ಕಚ್ಚಿಸಿ ನಕ್ಕ. "ಬಕೆಟ್ ಹಿಡ್ಕೊಂಡು ಓಡೋ ಕೆಲಸ! ನನಗೆ! ಅವತ್ತು ನನಗೇನೂ ಆಗಿರ್ಲಿಲ್ಲ ಕಣೋ. ನೀನು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೀನಂತೆ, ಸಿಡ್ ಸಾಕ್ಷಿ. ಹೇಳು, ಒಂದಾದ್ರೂ ತಪ್ಪು ಹೇಳಿದ್ನಾ?"

"ಇಲ್ಲ."

"ಮತ್ತೆ?"

ಡ್ರೆಸಿಂಗ್ ರೂಮಿನ ಮಾತು ನನ್ನ ಬಾಯಿಯವರೆಗೆ ಬಂತು. ಹೇಳಲಾಗಲಿಲ್ಲ. ಅಷ್ಟರಲ್ಲಿ ಕಿಟಕಿಯಿಂದ ಪೆಗ್ಗಿಯ ದನಿ ಬಂತು. ಮೆಲುದನಿಯೇ.

"ಆ ರಾತ್ರಿ ಆಸ್ಪತ್ರೇಲಿ ನಾನು ನಿನ್ನ ಪಕ್ಕ ಕೂತಿದ್ದೆ ರಾನ್. 'ಪಾಪ, ನಿಮ್ಮ ಮನೇವ್ರು ಯಾರು ಇಲ್ಲಿರೋದು' ಅಂತ ನನ್ನ ಕೇಳ್ದೆ."

ರಾನ್ ತಿರುಗಿ ನೋಡಿದ.

"ಸುಳ್ಳು."

"ಬೆಳಗ್ಗೆವರೆಗೆ ಕೇಳ್ದೆ. ಹೇಳೋಕೆ ಧೈರ್ಯ ಬರ್ಲಿಲ್ಲ. ಈಗ್ಲೂ ಇಲ್ಲ."

ಅವನು ಗುದ್ದಲಿಯ ಹಿಡಿ ಬಿಟ್ಟ. ಅದು ಈರುಳ್ಳಿ ಮಡಿಯ ಮೇಲೆ ಬಿತ್ತು. ಹಿತ್ತಲ ಮೆಟ್ಟಿಲ ಮೇಲೆ ಕೂತ. ನಾನು ಪಕ್ಕದಲ್ಲಿ ಕೂತೆ. ಬಲಗಡೆ ಅವನು, ಎಡಗಡೆ ನಾನು. ಪೆಗ್ಗಿ ಹೊರಗೆ ಬರಲಿಲ್ಲ, ಒಳಗೆ ನಲ್ಲಿ ಹರಿಯುತ್ತಲೇ ಇತ್ತು. ರಾನ್ ಒಂದೆರಡು ಸಲ ಕೆಮ್ಮಿದ. ಯಾವ ಕಡೆ ಹೋಗುತ್ತಾನೆ ಎಂದು ಈ ಸಲ ನನಗೆ ಗೊತ್ತಾಗಲಿಲ್ಲ.

"ಆ ಬಕೆಟ್ ನೀರು ಯಾಕೆ ಅಷ್ಟು ತಣ್ಣಗಿರುತ್ತೆ?" ಎಂದ.

"ಗೊತ್ತಿಲ್ಲ. ಮೊದಲಿಂದ ಹಾಗೇ."

"ನಾನು ಬಂದ್ರೆ ಬಿಸಿನೀರು ಬೇಕು" ಎಂದ.

"ಆಯ್ತು" ಎಂದೆ.